ಬೆಳಕು ಕಾಣದ ಬೆಸುಗೆ: ಫ್ಲಕ್ಸ್ ಆರಿಸುವುದು ಹೇಗೆ?

ಬಿಳೇಕಹಳ್ಳಿಯಲ್ಲಿ ಬನ್ನೇರುಘಟ್ಟ ರಸ್ತೆಯ ಬದಿ ಗೇಟು, ಗ್ರಿಲ್ ಮಾಡುವ ಅಂಗಡಿಯ ಮುಂದೆ ಹಾದು ಹೋಗುವಾಗ ವೆಲ್ಡಿಂಗ್‌ನ ಬೆಳಕು ಕಣ್ಣು ಕುಕ್ಕುತ್ತದೆ. ನಾವು ಮುಖ ತಿರುಗಿಸಿಕೊಳ್ಳುತ್ತೇವೆ. ಅಲ್ಲಿ ಹರಿಯುವ ವಿದ್ಯುತ್ ಪ್ರವಾಹ ನೂರು, ನೂರೈವತ್ತು ಆಂಪಿಯರ್ ಇರಬಹುದು. 500ರಿಂದ 1,000 ಆಂಪಿಯರ್‌ವರೆಗೆ ಹರಿಸಿಯೂ ಬೆಳಕು, ಕಿಡಿ ಕಾಣದ ಇನ್ನೊಂದು ಬೆಸುಗೆ ಇದೆ. ನೋಡುವವರಿಗೆ ಕಾಣುವುದು ಉಕ್ಕಿನ ಮೇಲೆ ಮರಳಿನಂತೆ ಸುರಿದ ಒಂದು ಸಾಲು ಪುಡಿ, ಅದರೊಳಕ್ಕೆ ಇಳಿಯುತ್ತಿರುವ ತಂತಿ, ಅಷ್ಟೆ. ವಿದ್ಯುತ್ ಚಾಪ ಆ ಪುಡಿಯ ಅಡಿಯಲ್ಲಿ ಮುಳುಗಿರುತ್ತದೆ. ಆದ್ದರಿಂದಲೇ ಇದಕ್ಕೆ ಸಬ್‌ಮರ್ಜ್ಡ್ ಆರ್ಕ್ ವೆಲ್ಡಿಂಗ್, ಅಂದರೆ ಮುಳುಗು ಚಾಪ ಬೆಸುಗೆ, ಎಂದು ಹೆಸರು. ಆ ಪುಡಿಯೇ ಫ್ಲಕ್ಸ್.

1930ರ ದಶಕದಲ್ಲಿ ಅಮೆರಿಕದಲ್ಲಿ ಕೊಳವೆ ತಯಾರಿಕೆಗೆಂದು ಬೆಳೆದ ವಿಧಾನ ಇದು. ಇಂದಿಗೂ ದೊಡ್ಡ ಕೊಳವೆಗಳೇ ಇದರ ಮುಖ್ಯ ಕ್ಷೇತ್ರ. ದಕ್ಷಿಣ ಬೆಂಗಳೂರಿನ ಬಡಾವಣೆಗಳಿಗೆ ಬರುವ ಕಾವೇರಿ ನೀರನ್ನೇ ನೋಡಿ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಪಂಪಿಂಗ್ ಕೇಂದ್ರಗಳು ಅದನ್ನು ಸುಮಾರು ಅರ್ಧ ಕಿ.ಮೀ. ಎತ್ತರಕ್ಕೆ ಏರಿಸುತ್ತವೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೆಯ ಹಂತದ ಮುಖ್ಯ ಕೊಳವೆಯ ವ್ಯಾಸ 3 ಮೀಟರ್. ಒಂದು ಕೇಂದ್ರ 160 ಮೀಟರ್ ಎತ್ತುತ್ತದೆ ಎಂದಿಟ್ಟುಕೊಳ್ಳೋಣ. ಆಗ ಪಂಪಿನ ಬಳಿ ಒತ್ತಡ ಸುಮಾರು 16 ವಾಯುಭಾರ. ಕೊಳವೆಯ ಉದ್ದಕ್ಕೆ ಒಂದು ಬೆಸುಗೆ ಇದ್ದರೆ ಅದರ ಪ್ರತಿ ಸೆಂಟಿಮೀಟರ್ ಮೇಲೆ ಬೀಳುವ ಎಳೆತ ಸುಮಾರು 2.4 ಟನ್! ಒತ್ತಡ, ವ್ಯಾಸ ಮತ್ತು ಉದ್ದವನ್ನು ಗುಣಿಸಿ ಎರಡರಿಂದ ಭಾಗಿಸಿದರೆ ವಿದ್ಯಾರ್ಥಿಗಳೇ ಇದನ್ನು ಲೆಕ್ಕ ಹಾಕಬಹುದು.

ಇಂಥ ಬೆಸುಗೆಯಲ್ಲಿ ಫ್ಲಕ್ಸ್ ಬರಿಯ ಹೊದಿಕೆಯಲ್ಲ. ಅದು ಕರಗಿ ಕಿಟ್ಟವಾಗಿ ಲೋಹದ ಮೇಲೆ ತೇಲುತ್ತದೆ, ಗಾಳಿಯನ್ನು ತಡೆಯುತ್ತದೆ, ಲೋಹದೊಡನೆ ರಾಸಾಯನಿಕ ಕ್ರಿಯೆಯನ್ನೂ ನಡೆಸುತ್ತದೆ. ಕುಲುಮೆಯಲ್ಲಿ ಕಬ್ಬಿಣ ಬೆಸೆಯುವ ಕಮ್ಮಾರ ಕಾದ ತುದಿಗಳ ಮೇಲೆ ಮರಳು ಎರಚುತ್ತಿದ್ದ. ಅಕ್ಕಸಾಲಿಗ ಬಿಳಿಗಾರ ಹಚ್ಚುತ್ತಾನೆ. ಮರಳಿನ ಸಿಲಿಕಾ ಕಬ್ಬಿಣದ ಆಕ್ಸೈಡಿನೊಡನೆ ಸೇರಿ ಸುಲಭವಾಗಿ ಕರಗುವ ಕಿಟ್ಟವಾಗುತ್ತದೆ. ಸಿಲಿಕಾ ಹೆಚ್ಚಿರುವ ಆಮ್ಲೀಯ ಫ್ಲಕ್ಸ್ ತುಸು ತುಕ್ಕನ್ನು ಸಹಿಸಿಕೊಳ್ಳುವುದು ಇದೇ ಗುಣದಿಂದ. ಅದರ ಬೆಸುಗೆ ನುಣುಪು. ಕಿಟ್ಟವೂ ಸಲೀಸಾಗಿ ಬಿಟ್ಟುಕೊಳ್ಳುತ್ತದೆ.

ಆದರೆ ಚಾಪದ ತಾಪದಲ್ಲಿ ಸಿಲಿಕಾ ತನ್ನ ಆಕ್ಸಿಜನ್ನಿನ ಒಂದು ಪಾಲನ್ನು ಉಕ್ಕಿಗೆ ಬಿಟ್ಟುಕೊಡುತ್ತದೆ. ಅದು ಸೂಕ್ಷ್ಮ ಆಕ್ಸೈಡ್ ಕಣಗಳಾಗಿ ಲೋಹದಲ್ಲಿ ಉಳಿಯುತ್ತದೆ. ಕಣ ಹೆಚ್ಚಾದಷ್ಟೂ ಬೆಸುಗೆ ಏಟು ತಾಳುವ ಗುಣ ಕಳೆದುಕೊಳ್ಳುತ್ತದೆ, ಚಳಿಯಲ್ಲಂತೂ ಭಿದುರವಾಗುತ್ತದೆ. ಇದನ್ನು ಅಂದಾಜು ಮಾಡಲು ಪ್ರತ್ಯಾಮ್ಲೀಯತಾ ಸೂಚಿ ಬಳಕೆಯಲ್ಲಿದೆ. ಸುಣ್ಣ, ಮೆಗ್ನೀಷಿಯಾ, ಕ್ಯಾಲ್ಸಿಯಂ ಫ್ಲೋರೈಡ್, ಸೋಡಿಯಂ ಮತ್ತು ಪೊಟ್ಯಾಸಿಯಂ ಆಕ್ಸೈಡ್‌ಗಳ ಶೇಕಡ ತೂಕಕ್ಕೆ ಮ್ಯಾಂಗನೀಸ್, ಕಬ್ಬಿಣದ ಆಕ್ಸೈಡ್‌ಗಳ ಅರ್ಧ ಕೂಡಿಸಿ. ಬಂದುದನ್ನು ಸಿಲಿಕಾ ಮತ್ತು ಅಲ್ಯುಮಿನಾ, ಟೈಟೇನಿಯಾ, ಜಿರ್ಕೋನಿಯಾಗಳ ಅರ್ಧದ ಮೊತ್ತದಿಂದ ಭಾಗಿಸಿ. ಒಂದು ಫ್ಲಕ್ಸ್‌ನಲ್ಲಿ ಸಿಲಿಕಾ 40, ಮ್ಯಾಂಗನೀಸ್ ಆಕ್ಸೈಡ್ 30, ಸುಣ್ಣ ಮತ್ತು ಮೆಗ್ನೀಷಿಯಾ ಸೇರಿ 12, ಫ್ಲೋರೈಡ್ 6, ಅಲ್ಯುಮಿನಾ 12 ಇದ್ದರೆ 33ನ್ನು 46ರಿಂದ ಭಾಗಿಸಿ 0.72 ಬರುತ್ತದೆ. ಸೂಚಿ 1ಕ್ಕಿಂತ ಕಡಿಮೆಯಾದರೆ ಆಮ್ಲೀಯ; 2.5 ದಾಟಿದರೆ ಬಹಳ ಪ್ರತ್ಯಾಮ್ಲೀಯ.

ಹಾಗಾದರೆ ಸೂಚಿ ಹೆಚ್ಚಿರುವುದನ್ನೇ ಕೊಂಡರಾಯಿತಲ್ಲ? ಪುಸ್ತಕ ಮಾತ್ರ ಓದಿದವರು ಎಡವುವುದು ಇಲ್ಲಿಯೇ. ಸೂಚಿ ಏರಿದಂತೆ ಕಿಟ್ಟ ಅಂಟಿಕೊಳ್ಳುತ್ತದೆ, ಬೆಸುಗೆಯ ವೇಗ ತಗ್ಗಿಸಬೇಕಾಗುತ್ತದೆ, ತುಕ್ಕು ಇದ್ದರೆ ರಂಧ್ರ ಬೀಳುತ್ತದೆ. ಆಕ್ಸಿಜನ್ ತೀರ ಇಲ್ಲದಿರುವುದೂ ಒಳ್ಳೆಯದಲ್ಲ: ಗಟ್ಟಿಯಾದ ಉಕ್ಕು ತಣಿಯುವಾಗ ಒಂದಿಷ್ಟು ಕಣಗಳ ಸುತ್ತ ಸೂಜಿಯಂಥ ಸಣ್ಣ ಹರಳುಗಳು ಬೆಳೆದು ಬೆಸುಗೆಗೆ ಬಲ ಬರುತ್ತದೆ. ಬೆಂಗಳೂರಿನ ನೀರಿನ ಕೊಳವೆ ಎಂದೂ ಶೂನ್ಯ ಡಿಗ್ರಿ ಕಾಣುವುದಿಲ್ಲ. ಒಳಗೊಂದು, ಹೊರಗೊಂದು ಸಾಲು ಎಳೆದು ಬೇಗ ಮುಗಿಸಬೇಕಾದ ಇಂಥ ಕೆಲಸಕ್ಕೆ ಅಲ್ಯುಮಿನಾ ಪ್ರಧಾನವಾದ, ನಡುಮಟ್ಟದ ಸೂಚಿಯ ಫ್ಲಕ್ಸ್ ಹೊಂದುತ್ತದೆ. ಜಲವಿದ್ಯುತ್ ಕೇಂದ್ರದ ದಪ್ಪ ಪೆನ್‌ಸ್ಟಾಕ್ ಅಥವಾ ಶೀತಲ ದ್ರವ ತುಂಬುವ ಟ್ಯಾಂಕ್ ಆದರೆ ಹೆಚ್ಚು ಪ್ರತ್ಯಾಮ್ಲೀಯವಾದುದರ ಕಷ್ಟವನ್ನು ಸಹಿಸಿಕೊಳ್ಳಲೇಬೇಕು.

ದಪ್ಪ ತಗಡಿನಲ್ಲಿ ಇನ್ನೊಂದು ತೊಡಕು ಇದೆ. ಕೆಲವು ಫ್ಲಕ್ಸ್‌ಗಳು ಮ್ಯಾಂಗನೀಸ್, ಸಿಲಿಕಾನ್‌ಗಳನ್ನು ಲೋಹಕ್ಕೆ ಸೇರಿಸುತ್ತವೆ. ಇವನ್ನು ಸಕ್ರಿಯ ಫ್ಲಕ್ಸ್ ಎನ್ನುತ್ತಾರೆ. ವೋಲ್ಟೇಜ್ ಏರಿಸಿದರೆ ಚಾಪ ಉದ್ದವಾಗಿ ಹೆಚ್ಚು ಫ್ಲಕ್ಸ್ ಕರಗುತ್ತದೆ, ಲೋಹಕ್ಕೆ ಸೇರುವುದೂ ಹೆಚ್ಚುತ್ತದೆ. ಯಂತ್ರದ ಒಂದು ಗುಂಡಿ ತಿರುಗಿಸಿದ್ದಕ್ಕೆ ಉಕ್ಕಿನ ರಸಾಯನವೇ ಬದಲಾಯಿತು! ಸಾಲಿನ ಮೇಲೆ ಸಾಲು ಎಳೆದಂತೆ ಇವು ಕೂಡುತ್ತಾ ಹೋಗಿ ಬೆಸುಗೆ ಗಡಸಾಗಿ ಬಿರಿಯಬಹುದು. ಹಲವು ಸಾಲುಗಳ ಕೆಲಸಕ್ಕೆ ‘ತಟಸ್ಥ’ ಫ್ಲಕ್ಸ್ ಬಳಸುವುದು ಇದಕ್ಕಾಗಿ. ಈ ‘ತಟಸ್ಥ’ಕ್ಕೂ ಆಮ್ಲ-ಪ್ರತ್ಯಾಮ್ಲಗಳ ತಟಸ್ಥಕ್ಕೂ ಸಂಬಂಧವಿಲ್ಲ, ಪಾಠ ಮಾಡುವಾಗ ಇದನ್ನು ಹೇಳದಿದ್ದರೆ ಗೊಂದಲ ಖಂಡಿತ.

ತಯಾರಿಕೆಯ ಬಗೆಯನ್ನೂ ನೋಡಬೇಕು. ಕರಗಿಸಿ, ತಣಿಸಿ, ಪುಡಿ ಮಾಡಿದ ಫ್ಲಕ್ಸ್ ಗಾಜಿನಂತಿದ್ದು ತೇವ ಹೀರುವುದು ಬಹಳ ಕಡಿಮೆ. ಸೋಡಿಯಂ ಸಿಲಿಕೇಟ್‌ನಿಂದ ಹರಳುಗಟ್ಟಿಸಿ ಸುಟ್ಟ ಫ್ಲಕ್ಸ್‌ಗೆ ಲೋಹದ ಪುಡಿಗಳನ್ನೂ ಬೆರೆಸಬಹುದು, ಆದರೆ ಅದು ತೇವ ಹೀರುತ್ತದೆ. ತೇವದ ನೀರು ಚಾಪದಲ್ಲಿ ಒಡೆದು ಹೈಡ್ರೊಜನ್ ಲೋಹವನ್ನು ಹೊಗುತ್ತದೆ. ಬಿರುಕು ಮಾತ್ರ ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ ತೋರುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಚೀಲವನ್ನು ತಯಾರಕರು ಹೇಳಿದಂತೆ, ಸಾಮಾನ್ಯವಾಗಿ 300-350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆಯಷ್ಟು ಕಾಲ, ಒಣಗಿಸದೆ ಬಳಸಬಾರದು.

ಫ್ಲಕ್ಸನ್ನು ಒಂಟಿಯಾಗಿ ಆರಿಸಲೂ ಬಾರದು. ಭಾರತೀಯ ಮಾನಕ ಐಎಸ್ 3613 ಪರೀಕ್ಷಿಸುವುದು ತಂತಿ ಮತ್ತು ಫ್ಲಕ್ಸ್‌ಗಳ ಜೋಡಿಯನ್ನು. ತಂತಿ ಬದಲಾಯಿಸಿದರೆ ಹಳೆಯ ಪರೀಕ್ಷೆಯ ಫಲಿತಾಂಶ ನಿಲ್ಲುವುದಿಲ್ಲ. ಕರಗದೆ ಉಳಿದ ಪುಡಿಯನ್ನು ಹೀರಿ ಮತ್ತೆ ಬಳಸುತ್ತಾರಾದರೂ, ಪ್ರತಿ ಸುತ್ತಿನಲ್ಲೂ ಅದು ನುರಿದು ಸಣ್ಣದಾಗುತ್ತದೆ. ಆದ್ದರಿಂದ ಜರಡಿ ಹಿಡಿದು, ಹೊಸದನ್ನು ಬೆರೆಸಿಯೇ ಮತ್ತೆ ಸುರಿಯುತ್ತಾರೆ.