ಕೆಲಸದ ವಿನ್ಯಾಸವೂ ಕಾರ್ಯಪ್ರೇರಣೆಯೂ: ಅಹಮದಾಬಾದಿನ ಒಂದು ಪ್ರಯೋಗ

ಕಾರ್ಖಾನೆಯಲ್ಲಿ ಉತ್ಪತ್ತಿ ಕುಗ್ಗಿದಾಗ ದೋಷವನ್ನು ಕೂಲಿಗಾರನ ಮೇಲೆ ಹೊರಿಸುವುದು ವಾಡಿಕೆ. ಅವನು ಮೈಗಳ್ಳನೆಂದು ಬಗೆದು, ಹೆಚ್ಚಿನ ಕೂಲಿಯ ಆಸೆಯನ್ನಾಗಲಿ ದಂಡನೆಯ ಭಯವನ್ನಾಗಲಿ ಒಡ್ಡಿದರೆ ಸಾಕೆಂದು ತಿಳಿಯುವವರುಂಟು. ಆದರೆ ಶ್ರದ್ಧೆಯೆಂಬುದು ಮನುಷ್ಯನ ಸ್ವಭಾವವನ್ನು ಮಾತ್ರ ಅವಲಂಬಿಸಿದೆಯೆ? ಅವನಿಗೆ ಒಪ್ಪಿಸಿದ ಕೆಲಸದ ಏರ್ಪಾಡಿಗೂ ಅದರಲ್ಲಿ ಪಾಲಿಲ್ಲವೆ? ಈ ಪ್ರಶ್ನೆಗೆ ನಮ್ಮ ದೇಶದಲ್ಲಿಯೇ ನಡೆದ ಒಂದು ಪ್ರಯೋಗವನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲು ಹಿನ್ನೆಲೆಯನ್ನು ನೋಡೋಣ. ಕೆಲಸವನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆದು, ಯೋಚಿಸುವ ಹೊಣೆಯನ್ನು ಆಡಳಿತಕ್ಕೂ ಮಾಡುವ ಹೊಣೆಯನ್ನು ಕೂಲಿಗಾರನಿಗೂ ಹಂಚಬೇಕೆಂಬ ತತ್ತ್ವವನ್ನು ಅಮೆರಿಕದ ಎಫ್. ಡಬ್ಲ್ಯು. ಟೇಲರ್ 1911ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಟ್ರಿಸ್ಟ್ ಮತ್ತು ಬ್ಯಾಮ್‌ಫರ್ತ್ ಎಂಬ ವಿದ್ವಾಂಸರು ಬ್ರಿಟನ್ನಿನ ಕಲ್ಲಿದ್ದಲ ಗಣಿಗಳನ್ನು ಕುರಿತು 1951ರಲ್ಲಿ ಬರೆದ ಲೇಖನ ಈ ತತ್ತ್ವದ ಮಿತಿಯನ್ನು ತೋರಿಸಿತು. ಹೊಸ ಯಂತ್ರಪದ್ಧತಿಯು ಗಣಿಗಾರರ ಚಿಕ್ಕ ತಂಡಗಳನ್ನು ಒಡೆದಾಗ, ಅವರೊಳಗಿನ ಪರಸ್ಪರ ನೆರವೂ ಒಡೆದುಹೋಯಿತು.

ಅದೇ ಸಂಸ್ಥೆಯ ಎ. ಕೆ. ರೈಸ್ 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿನ ನೇಯ್ಗೆಯ ಶಾಲೆಯೊಂದನ್ನು ಅಧ್ಯಯನ ಮಾಡಿದರು. ಅಲ್ಲಿ ಹಿಂದಿನ ವರ್ಷ ಸ್ವಯಂಚಾಲಿತ ಮಗ್ಗಗಳನ್ನು ಹೂಡಲಾಗಿತ್ತು. ಯಂತ್ರಗಳು ಹೊಸವು, ಆದರೂ ನಿರೀಕ್ಷಿಸಿದ ಫಲ ದೊರೆಯಲಿಲ್ಲ. 224 ಮಗ್ಗಗಳಿಗೆ 29 ಮಂದಿ ಕೆಲಸಗಾರರು. ಅವರ ಕೆಲಸ 12 ಬಗೆಯಾಗಿ ಹಂಚಿಹೋಗಿತ್ತು. ನೇಯುವವನು ಒಬ್ಬ, ಬಾಬಿನ್ ತುಂಬುವವನು ಮತ್ತೊಬ್ಬ, ಕಡಿದ ಹಾಸಿನ ಎಳೆಗಳನ್ನು ಕೂಡಿಸುವವನು ಇನ್ನೊಬ್ಬ. ಒಬ್ಬೊಬ್ಬನ ಪಾಲಿನ ಮಗ್ಗಗಳ ಸಂಖ್ಯೆಯೂ ಬೇರೆ ಬೇರೆ. ಆದಕಾರಣ ಒಬ್ಬ ನೇಕಾರನಿಗೆ ಬಾಬಿನ್ ತುಂಬುವವನು ಬೇರೆ ನೇಕಾರರಿಗೂ ಸಲ್ಲಬೇಕಾಗಿತ್ತು. ಯಾರು ಯಾರ ಜೊತೆಗಾರರೆಂಬುದೇ ಸ್ಪಷ್ಟವಿರಲಿಲ್ಲ. ಮಗ್ಗ ನಿಂತರೆ ಅದು ಎಲ್ಲರ ಸಂಕಟ. ಆದರೆ ಯಾರೊಬ್ಬರ ಹೊಣೆಯೂ ಅಲ್ಲ.

ರೈಸ್ ಮುಂದಿಟ್ಟ ಪರಿಹಾರ ಸರಳವಾದದ್ದು. ಗೊತ್ತಾದ ಕೆಲವು ಮಗ್ಗಗಳನ್ನು ಚಿಕ್ಕ ತಂಡವೊಂದಕ್ಕೆ ಒಟ್ಟಾಗಿ ಒಪ್ಪಿಸಬೇಕು. ಕೆಲಸವನ್ನು ಒಳಗೊಳಗೆ ಹಂಚಿಕೊಳ್ಳುವುದು ತಂಡಕ್ಕೇ ಸೇರಿದ್ದು. ಗಮನಾರ್ಹವಾದ ಸಂಗತಿಯೆಂದರೆ, ಸಲಹೆ ಕಿವಿಗೆ ಬಿದ್ದೊಡನೆ ಕೆಲಸಗಾರರೇ ಅದನ್ನು ತಮ್ಮದಾಗಿಸಿಕೊಂಡು, ಪರಸ್ಪರ ಒಪ್ಪಿಗೆಯಿಂದ ಜೊತೆಗಾರರನ್ನು ಆರಿಸಿಕೊಂಡರು. ಕ್ರಮೇಣ ಮಗ್ಗಗಳ ದಕ್ಷತೆ ಶೇಕಡಾ ಸುಮಾರು 80ರಿಂದ 95ಕ್ಕೆ ಏರಿತು; ಹಾಳಾದ ಬಟ್ಟೆಯ ಪ್ರಮಾಣ ಶೇಕಡಾ ಸುಮಾರು 32ರಿಂದ 20ಕ್ಕೆ ಇಳಿಯಿತು. ಜನರು ಅವರೇ, ಮಗ್ಗಗಳೂ ಅವೇ, ಬದಲಾದದ್ದು ಏರ್ಪಾಡು.

ಇಲ್ಲಿ ಒಂದು ಆಕ್ಷೇಪವುಂಟು. ವ್ಯವಸ್ಥೆಯೊಡನೆ ಕೂಲಿಯ ಕ್ರಮವೂ ಬದಲಾದ್ದರಿಂದ, ಫಲವೆಲ್ಲ ತಂಡದ್ದೇ ಎನ್ನುವುದು ಸರಿಯಲ್ಲವೆಂದು ಮುಂದಿನ ವಿಮರ್ಶಕರು ವಾದಿಸಿದರು. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಇದಲ್ಲದೆ, 1970ರಲ್ಲಿ ಎರಿಕ್ ಮಿಲ್ಲರ್ ಮತ್ತೆ ಅಲ್ಲಿಗೆ ಹೋಗಿ ನೋಡಿದಾಗ, ತಂಡದ ಪದ್ಧತಿ ಒಂದು ಕಡೆ ಬಹುಮಟ್ಟಿಗೆ ಉಳಿದಿತ್ತು; ಉಳಿದೆಡೆಗಳಲ್ಲಿ ಹಳೆಯ ರೀತಿಯೇ ಮರಳಿತ್ತು. ಏರ್ಪಾಡನ್ನು ಒಮ್ಮೆ ರಚಿಸಿದರೆ ಸಾಲದು. ಆಡಳಿತವು ಅದನ್ನು ಕಾಪಾಡಿಕೊಂಡು ಬರಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಕೂಲಿ ಮುಖ್ಯವಲ್ಲವೆಂದು ಇದರ ಅರ್ಥವಲ್ಲ; ಹಸಿದವನಿಗೆ ತಂಡದ ಆನಂದ ಊಟವಾಗಲಾರದು. ಆದರೆ ತನ್ನ ಕೆಲಸದ ಆದಿ ಅಂತ್ಯಗಳನ್ನು ಕಾಣದವನಿಂದ ಶ್ರದ್ಧೆಯನ್ನು ಬಯಸುವುದು ನ್ಯಾಯವಲ್ಲ. ಕೆಲಸಗಾರನನ್ನು ಮೈಗಳ್ಳನೆಂದು ನಿಂದಿಸುವ ಮೊದಲು, ಅವನಿಗೆ ಎಂಥ ಕೆಲಸವನ್ನು ಒಪ್ಪಿಸಿದ್ದೇವೆ ಎಂಬುದನ್ನು ವಿಚಾರಿಸುವುದು ಉಚಿತ.