ಲೂ ಶುನ್ ಊರಿನಲ್ಲಿ ಚ್ಯೂ ಜಿನ್

ಚೀನಾದ ಝೆಜಿಯಾಂಗ್ ಪ್ರಾಂತ್ಯದ ಷಾವೋಶಿಂಗ್ ಕಾಲುವೆಗಳ ಊರು. ಕಪ್ಪು ಚಾವಣಿಯ ದೋಣಿ, ಅಕ್ಕಿ ಹುದುಗಿಸಿ ಮಾಡುವ ಮದ್ಯ, ಲೇಖಕ ಲೂ ಶುನ್ ಹುಟ್ಟಿದ ಮನೆ: ಪ್ರವಾಸಿಗರು ಬರುವುದು ಇವಕ್ಕಾಗಿಯೇ. ಛಿಂಗ್ ಸರ್ಕಾರ 1907ರಲ್ಲಿ ತಲೆ ಕಡಿಸಿದ ಕ್ರಾಂತಿಕಾರಿ ಮಹಿಳೆ ಚ್ಯೂ ಜಿನ್ ಬಾಳಿದ, ದುಡಿದ, ಸತ್ತ ಜಾಗಗಳೂ ಇದೇ ಊರಿನಲ್ಲಿವೆ. ಮೂರನ್ನೂ ನಡೆದೇ ನೋಡಬಹುದು.

ಹೆಛಾಂಗ್‌ತಾಂಗ್‌ನಲ್ಲಿರುವ ಮನೆಯಿಂದ ಹೊರಡುವುದು ಒಳ್ಳೆಯದು. ಆಕೆಯ ಕೋಣೆಯ ಗೋಡೆಯ ಹಿಂದೆ ಕಾಗದಪತ್ರ, ಪಿಸ್ತೂಲು ಬಚ್ಚಿಡುತ್ತಿದ್ದ ಗುಪ್ತ ಗೂಡೊಂದಿದೆ. ಉಳ್ಳವರ ಮನೆಯ ಸೊಸೆ. 1904ರಲ್ಲಿ ಗಂಡ, ಇಬ್ಬರು ಮಕ್ಕಳನ್ನು ಬಿಟ್ಟು, ಒಡವೆ ಮಾರಿ ಓದಲು ಜಪಾನಿಗೆ ಹೋದಳು. ಕಟ್ಟಿದ ಪಾದಗಳನ್ನು ಬಿಚ್ಚಿಕೊಂಡಳು, ಗಂಡಸಿನ ಉಡುಪು ತೊಟ್ಟಳು. ಕೈಯಲ್ಲಿ ಕಠಾರಿ ಹಿಡಿದು ತೆಗೆಸಿಕೊಂಡ ಫೋಟೊ ಈಗಲೂ ಆಕೆಯ ಗುರುತು. ಮರಳಿದ ಮೇಲೆ ಶಾಂಘೈನಲ್ಲಿ ಮಹಿಳೆಯರಿಗಾಗಿ ಪತ್ರಿಕೆ ಶುರುಮಾಡಿದಳು. ಎರಡೇ ಸಂಚಿಕೆಗೆ ಅದು ನಿಂತಿತು.

ಕಠಾರಿಯ ಫೋಟೊಗಿಂತ ನನಗೆ ದೊಡ್ಡದಾಗಿ ಕಾಣುವುದು ದಾತುಂಗ್ ಶಾಲೆ. ಕ್ರಾಂತಿಕಾರಿ ಷೂ ಶೀಲಿನ್ ಮತ್ತವನ ಗೆಳೆಯರು 1905ರಲ್ಲಿ ತೆರೆದ ಈ ಶಾಲೆಯ ಹೊಣೆ 1907ರಲ್ಲಿ ಆಕೆಯ ಹೆಗಲೇರಿತು. ವ್ಯಾಯಾಮದ ಹೆಸರಿನಲ್ಲಿ ಕವಾಯತು ನಡೆಯುತ್ತಿತ್ತು. ಸುತ್ತಲಿನ ಗುಪ್ತ ಸಂಘಗಳನ್ನು ಒಂದು ಸೇನೆಯಾಗಿ ಹೆಣೆಯುವ ಕೆಲಸ ಇಲ್ಲಿಂದಲೇ ಸಾಗಿತ್ತು. ಜುಲೈ 6ರಂದು ಷೂ ಆನ್‌ಛಿಂಗ್‌ನಲ್ಲಿ ಅನ್‌ಹುಯಿ ಪ್ರಾಂತ್ಯಾಧಿಕಾರಿ ಎನ್‌ಮಿಂಗ್‌ನನ್ನು ಗುಂಡಿಟ್ಟು ಕೊಂದು ಸಿಕ್ಕಿಬಿದ್ದ. ತನಿಖೆ ಷಾವೋಶಿಂಗ್ ತಲುಪಲು ತಡವಾಗಲಿಲ್ಲ. ಓಡಿಹೋಗಿ ಎಂದು ಆಪ್ತರು ಹೇಳಿದರೂ ಆಕೆ ಕದಲಲಿಲ್ಲ. 13ರಂದು ಸೈನಿಕರು ಶಾಲೆಗೆ ಮುತ್ತಿಗೆ ಹಾಕಿ ಆಕೆಯನ್ನು ಹಿಡಿದರು.

15ರ ನಸುಕಿನಲ್ಲಿ ಶುವಾನ್‌ತಿಂಗ್‌ಖೌ ಎಂಬಲ್ಲಿ ಶಿರಚ್ಛೇದ. ಇಂದು ಅದು ಅಂಗಡಿಸಾಲಿನ ಗಿಜಿಗುಡುವ ವೃತ್ತ. 1930ರಲ್ಲಿ ನಿಲ್ಲಿಸಿದ ಕಲ್ಲಿನ ಸ್ಮಾರಕ ವಾಹನಗಳ ನಡುವೆ ನಿಂತಿದೆ. ಲೂ ಶುನ್ 1919ರಲ್ಲಿ ಬರೆದ ‘ಔಷಧ’ ಕಥೆಯಲ್ಲಿ ಕ್ಷಯ ಹಿಡಿದ ಹುಡುಗನಿಗೆ, ಚ್ಯೂ ಜಿನ್‌ಳನ್ನು ನೆನಪಿಸುವ ಕ್ರಾಂತಿಕಾರಿಯೊಬ್ಬನ ರಕ್ತದಲ್ಲಿ ಅದ್ದಿದ ರೊಟ್ಟಿ ತಿನ್ನಿಸುತ್ತಾರೆ. ಶಿರಚ್ಛೇದ ನೋಡಲು ಜನ ನೂಕಿಕೊಂಡು ಹೋಗುವ ಆ ಕಥೆಯ ಜಾಗ ಇದೇ. ಪ್ರಾಣ ಯಾರಿಗಾಗಿ ಕೊಟ್ಟಳೋ ಅವರಿಗೇ ಅದರ ಅರ್ಥವಾಗಿರಲಿಲ್ಲ ಎಂಬ ಅವನ ಕಹಿ ಓದಿ ಬಂದವರಿಗೆ ಈ ವೃತ್ತ ಬೇರೆಯೇ ಆಗಿ ಕಾಣುತ್ತದೆ.

ಸಮಾಧಿ ಮಾತ್ರ ಇಲ್ಲಿಲ್ಲ. ಹಲವು ಸಲ ಕಿತ್ತು ಸಾಗಿಸಿದ ಆಕೆಯ ಅಸ್ಥಿ 1981ರಿಂದ ಹಾಂಗ್‌ಝೌನ ಪಶ್ಚಿಮ ಸರೋವರದ ದಡದಲ್ಲಿದೆ. ಹಾಂಗ್‌ಝೌಗೆ ವೇಗದ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಸಮಯ ಕಡಿಮೆಯಿದ್ದರೆ ಲೂ ಶುನ್ ಮನೆಯ ಜಂಗುಳಿಯನ್ನು ಬಿಟ್ಟರೂ ಸರಿ, ದಾತುಂಗ್ ಶಾಲೆಯನ್ನು ಬಿಡಬೇಡಿ.