ನಕ್ಕಿದ್ದು ಯಾರನ್ನ ನೋಡಿ?

ಇವತ್ತು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ. ಸಿಂಧನೂರು ಕಡೆಯ ನಾಲ್ಕು ಹುಡುಗರು ಮೊಬೈಲ್‌ನಲ್ಲೇ ಒಂದು ಸೂಪರ್‌ಮ್ಯಾನ್ ಸಿನಿಮಾ ಮಾಡಿದ್ರು. ಬೆನ್ನಿಗೆ ಕೆಂಪು ಟವೆಲ್, ಭತ್ತದ ಗದ್ದೆ ಮೇಲೆ ಹಾರಾಟ, ಎಡದಂಡೆ ನಾಲೆಗೆ ಬಿದ್ದ ಮಗುವಿನ ರಕ್ಷಣೆ. ನಾವೇನು ಮಾಡಿದ್ವಿ? ಅವರ ಒಪ್ಪಿಗೆ ಕೇಳಿದ್ವಿ, ಅರ್ಧ ನಿಮಿಷ ಕತ್ತರಿಸಿದ್ವಿ, ಹಿಂದೆ ‘ಬೊಂಯ್ ಬೊಂಯ್’ ಸೌಂಡ್ ಹಾಕಿ ರಾತ್ರಿ ತಮಾಷೆ ಸುದ್ದಿಯಲ್ಲಿ ಓಡಿಸಿದ್ವಿ. ಕ್ಯಾಮೆರಾ ಮುಂದೆ ನಾನೂ ನಕ್ಕೆ.

ಮರುದಿನ ಫೋನ್ ಬಂತು. “ಸರ್, ಟೀವಿಯಾಗ ಬರ್ತೈತಿ ಅಂತ ಲಿಂಗಸುಗೂರಿನಿಂದ ನಮ್ಮತ್ತಿ, ಮಸ್ಕಿಯಿಂದ ಅಕ್ಕ, ಮಾವ ಎಲ್ಲಾರೂ ಬಂದು ಕುಂತಿದ್ರು. ನೀವು ನಕ್ರಿ. ನಮ್ಮವ್ವ ಎದ್ದು ಒಳಗ ಹೋದ್ಳು ನೋಡ್ರಿ.” ಅಷ್ಟೇ ಹೇಳಿದ. ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಈಗ ಯೋಚನೆ ಮಾಡಿ, ಆ ಹುಡುಗರು ಮಾಡಿದ್ದಾದ್ರೂ ಏನು? ಇದನ್ನ ಫ್ಯಾನ್ ಫಿಲ್ಮ್ ಅಂತಾರೆ. ಯಾರೋ ಸೃಷ್ಟಿಸಿದ ಹೀರೋನ ಅಭಿಮಾನದಿಂದ ತಮ್ಮೂರಿಗೆ ಕರ್ಕೊಂಡು ಬರೋದು. ಹೀರೋ ಹಕ್ಕು ಕಂಪನಿಯದು, ಹಾಗಾಗಿ ಮಾರಿ ದುಡ್ಡು ಮಾಡೋ ಹಾಗಿಲ್ಲ. ಅಂದ್ರೆ ಇದು ಕೈಯಿಂದ ಹಾಕಿ ಮಾಡೋ ಕೆಲಸ. ಹಾರೋದು ಹೇಗೆ? ಹಸಿರು ಬಟ್ಟೆ ಮುಂದೆ ನಿಂತು ಶೂಟ್ ಮಾಡ್ತಾರೆ. ಮನುಷ್ಯರ ಚರ್ಮದಲ್ಲಿ ಆ ಹಸಿರು ಇರಲ್ಲ, ಹಾಗಾಗಿ ಕಂಪ್ಯೂಟರ್ ಅದನ್ನಷ್ಟೇ ಅಳಿಸಿ ಆಕಾಶ ಕೂರಿಸುತ್ತೆ. ಬಟ್ಟೆ ಸುಕ್ಕಾದ್ರೆ, ಬೆಳಕು ಒಂದೇ ಸಮ ಬೀಳದಿದ್ರೆ ಅಂಚು ಹರಿದ ಹಾಗೆ ಕಾಣುತ್ತೆ. ನಾವು ನಕ್ಕಿದ್ದು ಆ ಅಂಚಿಗೆ.

ಮಹಾರಾಷ್ಟ್ರದ ಮಾಲೇಗಾಂವ್‌ನಲ್ಲೂ ಹೀಗೇ ಆಗಿತ್ತು. ಅದು ಪವರ್‌ಲೂಮ್‌ಗಳ ಊರು. ಅಲ್ಲಿ ವಿಡಿಯೋ ಪಾರ್ಲರ್ ನಡೆಸ್ತಿದ್ದ ನಾಸಿರ್ ಶೇಖ್ ‘ಮಾಲೇಗಾಂವ್ ಕಾ ಸೂಪರ್‌ಮ್ಯಾನ್’ ಮಾಡಿದ್ರು. ಮಗ್ಗದ ಕೆಲಸಗಾರ ಶಫೀಕ್ ಹೀರೋ. ಸಣಕಲು ದೇಹ. ಹಾರೋ ದೃಶ್ಯಕ್ಕೆ ಲಾರಿ ಪಕ್ಕಕ್ಕೆ ಹಸಿರು ಬಟ್ಟೆ ಕಟ್ಟಿದ್ರು. ಕ್ಯಾಮೆರಾ ನೀರಿಗೆ ಬಿತ್ತು, ಆದ್ರೂ ಬಿಡಲಿಲ್ಲ. ಫೈಜಾ ಅಹ್ಮದ್ ಖಾನ್ ಆ ಕಥೆಯನ್ನೇ ಸಾಕ್ಷ್ಯಚಿತ್ರ ಮಾಡಿದ್ರು. 2012ರಲ್ಲಿ ಅದು ಥಿಯೇಟರ್‌ಗೆ ಬರೋ ಹೊತ್ತಿಗೆ ಶಫೀಕ್ ಕ್ಯಾನ್ಸರ್‌ಗೆ ಬಲಿಯಾಗಿದ್ದ. 2025ರಲ್ಲಿ ಬಾಲಿವುಡ್ಡೇ ‘ಸೂಪರ್‌ಬಾಯ್ಸ್ ಆಫ್ ಮಾಲೇಗಾಂವ್’ ಅಂತ ಅವರ ಮೇಲೆ ಸಿನಿಮಾ ತೆರೆಗೆ ತಂತು.

ಅಷ್ಟು ದೂರ ಯಾಕೆ, ನಮ್ಮ ಕಲಬುರಗಿಗೆ ಬನ್ನಿ. ಉಜ್ವಲ್ ಕುಲಕರ್ಣಿ ಅನ್ನೋ ಹುಡುಗ ಅಭಿಮಾನಿ ವಿಡಿಯೋಗಳನ್ನ ಎಡಿಟ್ ಮಾಡ್ತಿದ್ದ. ಪ್ರಶಾಂತ್ ನೀಲ್ ಕಣ್ಣಿಗೆ ಬಿದ್ದ. 2022ರ ‘ಕೆಜಿಎಫ್ ಚಾಪ್ಟರ್ 2’ ಎಡಿಟ್ ಮಾಡಿದ್ದು ಅವನೇ. ವಯಸ್ಸು 19! ಇನ್ನು ಅಸಲಿ ಸೂಪರ್‌ಮ್ಯಾನ್? 1938ರಲ್ಲಿ ಅವನನ್ನ ಜಗತ್ತಿಗೆ ಕೊಟ್ಟ ಜೆರ್ರಿ ಸೀಗಲ್, ಜೋ ಶುಸ್ಟರ್ ಕೂಡ ಹೆಸರಿಲ್ಲದ ಹುಡುಗರೇ. ಹಕ್ಕು ಮಾರಿದ್ದು ಬರೀ 130 ಡಾಲರ್‌ಗೆ.

ನಮ್ಮ ಕಡೆ ದೊಡ್ಡಾಟ ನೋಡಿದವರಿಗೆ ಇದೇನು ಹೊಸದಲ್ಲ ಬಿಡಿ. ಹಗಲೆಲ್ಲ ಹೊಲದಲ್ಲಿ ದುಡಿದವನು ರಾತ್ರಿ ಭುಜಕೀರ್ತಿ ಕಟ್ಕೊಂಡು ಭೀಮ ಆಗ್ತಾನೆ. ಗದೆ ಕಟ್ಟಿಗೆಯದು ಅಂತ ಎಲ್ಲರಿಗೂ ಗೊತ್ತು. ಯಾರಾದ್ರೂ ನಗ್ತಾರಾ? ಬೆಳಗಿನವರೆಗೂ ಕೂತು ನೋಡ್ತಾರೆ, ಭೀಮ ಗೆದ್ದಾಗ ಶಿಳ್ಳೆ ಹೊಡೀತಾರೆ. ಆಟಗಾರನನ್ನ ನೋಡೋ ಆ ಕಣ್ಣು ಊರಿಗಿದೆ. ಸ್ಟುಡಿಯೋದಲ್ಲಿ ಕೂತ ನನಗೆ ಇರಲಿಲ್ಲ. ಸಿನಿಮಾ ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅನ್ನಿ, ಎಲ್ಲಿ ಎಡವಿದ್ರು ಅಂತ ತೋರಿಸಿ. ಅದು ವಿಮರ್ಶೆ. ಬೊಂಯ್ ಬೊಂಯ್ ವಿಮರ್ಶೆ ಅಲ್ಲ.

ಆ ಹುಡುಗನಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. “ಎರಡನೇ ಭಾಗ ಯಾವಾಗಪ್ಪ?” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. “ಗೊತ್ತಿಲ್ರಿ ಸರ್. ಟವೆಲ್ ಅವ್ವ ಮಡಚಿ ಟ್ರಂಕಿನ್ಯಾಗ ಇಟ್ಟಾಳ” ಅಂದ.